ಹತ್ತನೇ ಚೀಲ

ನಾನು ಡಾಕ್ಟರ್ ಅಲ್ಲ. ಇದನ್ನು ಆರು ತಿಂಗಳ ಹಿಂದೆಯೇ ನಮ್ಮ ಬೀದಿಗೆ ತಿಳಿಸಬೇಕಿತ್ತು, ತಿಳಿಸಲಿಲ್ಲ. ಹಾಗೆಂದು ಸುಳ್ಳೂ ಹೇಳಲಿಲ್ಲ. ಸುಳ್ಳು ಹೇಳಿದ್ದು ಬಿಳಿ ಕೋಟು. ಆಸ್ಪತ್ರೆಯವರು ಅದನ್ನು ಆಸ್ಪತ್ರೆಯೊಳಗೆ ಹಾಕಿಕೊಳ್ಳಲೆಂದು ಕೊಟ್ಟಿದ್ದರು. ನಾನು ಬಸ್ಸಿನಲ್ಲಿ ಹಾಕಿಕೊಂಡೆ, ತರಕಾರಿ ತರುವಾಗ ಹಾಕಿಕೊಂಡೆ, ಒಮ್ಮೆ ಕ್ಷೌರದಂಗಡಿಗೂ ಹಾಕಿಕೊಂಡು ಹೋದೆ. ಅಲ್ಲಿ ಒಬ್ಬರು ನನ್ನನ್ನು ಹೊಸ ಕೆಲಸದವನೆಂದು ತಿಳಿದು ಕುರ್ಚಿಯಲ್ಲಿ ಕೂತು, "ಹಿಂದೆ ಸಣ್ಣಗೆ, ಮುಂದೆ ಹಾಗೇ ಇರ್ಲಿ" ಎಂದರು. ಆ ಕೋಟಿನ ಬಗ್ಗೆ ಯಾರಾದರೂ ಪ್ರಾಮಾಣಿಕ ಅಭಿಪ್ರಾಯ ಹೇಳಿದ್ದು ಅದೊಂದೇ ಸಲ.

ನಾನು ಫಾರ್ಮಸಿ ರೆಸಿಡೆಂಟ್, ಮೊದಲ ವರ್ಷ. ಅಂದರೆ ಔಷಧಗಳ ಬಗ್ಗೆ ಓದಿ ಪದವಿ ಮುಗಿಸಿ, ಆಸ್ಪತ್ರೆಯಲ್ಲಿ ಒಂದು ವರ್ಷ ತರಬೇತಿ ಪಡೆಯುವವನು. ತಿಂಗಳಿಗೊಂದು ವಿಭಾಗ ಬದಲಾಗುತ್ತದೆ, ಅದಕ್ಕೆ ರೊಟೇಷನ್ ಎನ್ನುತ್ತಾರೆ. ಮೊದಲ ತಿಂಗಳು ಸ್ಟೋರಿನಲ್ಲಿ ಡಬ್ಬಗಳ ತಾರೀಖು ನೋಡಿದೆ. ಎರಡನೇ ತಿಂಗಳು ಔಷಧದ ಫ್ರಿಜ್ಜಿನ ಉಷ್ಣತೆ ಬರೆದೆ. ಮೂರನೆಯದರಲ್ಲಿ ಮೈಪೂರ್ತಿ ಮುಚ್ಚುವ ಗೌನು, ಟೊಪ್ಪಿಗೆ, ಎರಡು ಜೊತೆ ಕೈಗವಸು ತೊಟ್ಟು, ಗಾಜಿನ ಪೆಟ್ಟಿಗೆಯೊಳಗೆ ಕೈ ತೂರಿಸಿ, ಡ್ರಿಪ್ಪಿನ ಬಾಟಲಿಗಳಿಗೆ ಔಷಧ ಬೆರೆಸಿದೆ; ಆ ತಿಂಗಳಿಡೀ ಮೂಗು ತುರಿಸಿದ್ದೊಂದೇ ನೆನಪು. ನಾಲ್ಕನೆಯದು ಔಷಧ ಮಾಹಿತಿ ಕೇಂದ್ರದ ಫೋನು. ಹನ್ನೊಂದು ಕರೆ ಬಂದವು, ಏಳು ಜನ ಕ್ಯಾಂಟೀನಿನಲ್ಲಿ ಟೀ ಇದೆಯಾ ಎಂದು ಕೇಳಿದರು. ಐದನೆಯದು ಸಭೆಗಳ ನಡಾವಳಿ ಬರೆಯುವುದು. ಐದು ತಿಂಗಳಲ್ಲಿ ನಾನು ಒಬ್ಬ ರೋಗಿಯನ್ನೂ ಹತ್ತಿರದಿಂದ ನೋಡಿರಲಿಲ್ಲ.

ಆದರೆ ನಮ್ಮಮ್ಮ ಪ್ರತಿ ತಿಂಗಳೂ ನನ್ನ ರೊಟೇಷನ್ನನ್ನು ಬೀದಿಗೆ ಅರ್ಥವಾಗುವಂತೆ ವಿವರಿಸುತ್ತಿದ್ದಳು. ಸ್ಟೋರಿನಲ್ಲಿದ್ದಾಗ, "ಇಡೀ ಆಸ್ಪತ್ರೆ ಔಷಧ ನನ್ನ ಮಗನ ಕೈಯಲ್ಲಿದೆ." ಫ್ರಿಜ್ಜಿನ ಹತ್ತಿರ ಇದ್ದಾಗ, "ಸೂಕ್ಷ್ಮದ ಕೇಸೆಲ್ಲ ಅವನಿಗೇ ಬಿಟ್ಟಿದಾರೆ." ಗೌನು ತೊಟ್ಟ ಫೋಟೋ ತೋರಿಸಿದ ದಿನದಿಂದ, "ಆಪರೇಷನ್." ಹೀಗಾಗಿ ಬೀದಿಯ ದರ್ಜಿ ನನ್ನನ್ನು ತಡೆದು ನಾಲಿಗೆ ಚಾಚಿದಾಗ ನಾನು ಗಂಭೀರವಾಗಿ "ಹೂಂ" ಎಂದೆ. ಆ "ಹೂಂ" ಒಂದನ್ನು ಬಿಟ್ಟರೆ ನಾನು ಯಾರಿಗೂ ಚಿಕಿತ್ಸೆ ನೀಡಿಲ್ಲ.

ಆ ದಿನಗಳಲ್ಲಿ ಮನೆಯಲ್ಲಿ ನನಗಿದ್ದ ದೊಡ್ಡ ಕಷ್ಟ ಚಪ್ಪಲಿಯದು. ಬೆಳಗ್ಗೆ ಎದ್ದರೆ ನನ್ನ ಚಪ್ಪಲಿ ಇರುತ್ತಿರಲಿಲ್ಲ. ಅಮ್ಮನ ಕಾಲಲ್ಲಿರುತ್ತಿತ್ತು.

"ನಿಂದೆಲ್ಲಮ್ಮ?"

"ನಂದು ಕಚ್ಚುತ್ತೆ."

ಹೊಸ ಜೊತೆ ತಂದುಕೊಟ್ಟೆ. ಅದೂ ಕಚ್ಚುತ್ತದೆ ಎಂದಳು. ನನ್ನ ದೊಡ್ಡ ಚಪ್ಪಲಿಯನ್ನೇ ಪಟಪಟ ಬಡಿಯುತ್ತಾ ಮಹಡಿ ಇಳಿಯುವಳು, ಹತ್ತುವಾಗ ಮೂರನೇ ಮೆಟ್ಟಿಲ ಮೇಲೆ ಕೂತುಬಿಡುವಳು. ನಾನು ಅವಳನ್ನು ದಾಟಿಕೊಂಡು, "ಇನ್ನೊಬ್ಬರ ವಸ್ತು ಮುಟ್ಟೋ ಮುಂಚೆ ಕೇಳಬೇಕು" ಎಂದು ಬುದ್ಧಿ ಹೇಳಿ, ಬೂಟು ಹಾಕಿಕೊಂಡು ಹೊರಡುತ್ತಿದ್ದೆ.

ಆರನೇ ತಿಂಗಳು ಹೊರರೋಗಿ ವಿಭಾಗ. ಅಲ್ಲಿನ ಹಿರಿಯ ಫಾರ್ಮಸಿಸ್ಟ್ ಮೇಡಂಗೆ ನಾವು ಇಟ್ಟ ಹೆಸರು ಕೆಂಪು ಪೆನ್ನು. ಕಾರಣ ಹೇಳಬೇಕಿಲ್ಲ. ಅವರು ನಮಗೆ ಕೊಟ್ಟ ಕೆಲಸ ಚೀಲ ನೋಡುವುದು. ರೋಗಿ ತಾನು ತೆಗೆದುಕೊಳ್ಳುವ ಔಷಧವನ್ನೆಲ್ಲ ಒಂದು ಚೀಲದಲ್ಲಿ ತರಬೇಕು. ನಾವು ಒಂದೊಂದನ್ನೇ ಎತ್ತಿ, ಇದು ಯಾಕೆ, ಯಾವಾಗ, ಹೇಗೆ ತಗೋತೀರಿ ಎಂದು ಕೇಳಿ ಫಾರಂ ತುಂಬಬೇಕು. ಕೆಳಗೆ ರೋಗಿಯ ಸಹಿ. ತಿಂಗಳಿಗೆ ಹತ್ತು ಫಾರಂ.

"ಡಬ್ಬದ ಮೇಲಿರೋದನ್ನ ನಕಲು ಮಾಡ್ಬೇಡ," ಎಂದರು ಮೇಡಂ ಮೊದಲ ದಿನವೇ. "ಡಬ್ಬ ಏನು ಹೇಳುತ್ತೆ ಅಂತ ನನಗೂ ಓದೋಕೆ ಬರುತ್ತೆ. ಮನುಷ್ಯ ಏನು ಮಾಡ್ತಾನೆ ಅಂತ ಕೇಳು."

ಕೇಳುವುದೇ ನನಗೆ ಬಾರದ ವಿದ್ಯೆ. ಡಬ್ಬ ಕಂಡರೆ ಧೈರ್ಯ, ಮುಖ ಕಂಡರೆ ಬಾಯಿ ಒಣಗುತ್ತದೆ. ಆದರೂ ಮೊದಲ ರೋಗಿಯ ಚೀಲ ಎದುರಿಗೆ ಬಂದಾಗ ನಾನು ಹಿಂದೆ ಸರಿಯಲಿಲ್ಲ. ತಲೆ ತಗ್ಗಿಸಿ, ಮಾತ್ರೆಗಳನ್ನು ಸಾಲಾಗಿ ಜೋಡಿಸಿ, ಇಪ್ಪತ್ತು ನಿಮಿಷ ಒಂದೇ ಸಮನೆ ಮಾತಾಡಿದೆ. ಕಬ್ಬಿಣದ ಮಾತ್ರೆ ಟೀ ಜೊತೆ ಬೇಡ. ಈ ಫೋಲಿಕ್ ಆಸಿಡ್ ತಪ್ಪಿಸಬೇಡಿ. ಬೆಳಗ್ಗೆ ವಾಂತಿ ಬಂದರೆ ಇದು. ಎಡಮಗ್ಗುಲಿಗೆ ಮಲಗಿ. ಭಾರ ಎತ್ತಬೇಡಿ, ಮಗು ಒದೆಯುವುದು ಕಡಿಮೆಯಾದರೆ ತಕ್ಷಣ ಬನ್ನಿ. ಎದುರಿನಿಂದ ಒಂದು ಗಡಸು ಧ್ವನಿ ಎಲ್ಲದಕ್ಕೂ "ಆಯ್ತು" ಎಂದಿತು. ಎರಡು ಪುಟ ತುಂಬಿಸಿದೆ.

ಕೆಂಪು ಪೆನ್ನು ಫಾರಂ ಓದಿ, ಹೊರಗೆ ಹೋಗಿ ನೋಡಿ ಬಂದರು.

"ರೋಗಿ ಗಂಡು ಅಂತ ಬರ್ದಿದೀಯ."

"ಧ್ವನಿ ಹಾಗಿತ್ತು ಮೇಡಂ."

"ವಯಸ್ಸು ಐವತ್ತೆಂಟು. ಐದನೇ ತಿಂಗಳು. ಕೆಳಗೆ, 'ಬಳಕೆಯ ಕಾರಣ ಖಚಿತಪಡಿಸಿಕೊಳ್ಳಬೇಕು' ಅಂತ ಟಿಪ್ಪಣಿ."

"ಒಂದು ಅನುಮಾನ ಬಂತು, ಅದಕ್ಕೆ..."

"ಖಚಿತಪಡಿಸ್ಕೊಳ್ಳೋಕೆ ತಲೆ ಮೇಲೆತ್ತಿದ್ರೆ ಸಾಕಿತ್ತು."

ಹೊರಗೆ ಬೆಂಚಿನ ಮೇಲೆ ಆರಡಿ ಎತ್ತರದ, ಕಿವಿಯವರೆಗೆ ಮೀಸೆ ತಿರುವಿದ ಒಬ್ಬ ಜಟ್ಟಿ ಕೂತಿದ್ದ. ಮಗಳು ಶೌಚಾಲಯಕ್ಕೆ ಹೋದಾಗ ಅವಳ ಚೀಲ ಹಿಡಿದುಕೊಂಡಿದ್ದವನು. ನಾನು ಕರೆದೆ, ಬಂದ. ಹೇಳಿದ್ದನ್ನೆಲ್ಲ ಕೇಳಿದ. ದೊಡ್ಡ ಆಸ್ಪತ್ರೆ, ಏನೋ ಇರಬೇಕು ಎಂದುಕೊಂಡಿದ್ದನಂತೆ. ನಾನು ಇಣುಕಿದಾಗ ಎಡಮಗ್ಗುಲಿಗೆ ವಾಲಿ ಕೂತಿದ್ದ.

ಅಲ್ಲಿಂದ ಮೂರು ವಾರ ನನ್ನ ಒಂದು ಫಾರಮ್ಮೂ ಪಾಸಾಗಲಿಲ್ಲ. ಶುಕ್ರವಾರ ಮೇಡಂ ನನ್ನನ್ನು ಕೂರಿಸಿಕೊಂಡು ಹಳೆಯ ಕಡತ ತೆಗೆದರು. ಫ್ರಿಜ್ಜಿನ ತಿಂಗಳಲ್ಲಿ ನಾನು ಫೇಲಾಗಿದ್ದೆ. ಒಂದು ಶುಕ್ರವಾರ ಸಂಜೆ ಬೇಗ ಮನೆಗೆ ಹೋಗುವ ಆಸೆಗೆ ಶನಿವಾರ, ಭಾನುವಾರದ ಉಷ್ಣತೆಯನ್ನೂ ಮುಂಗಡವಾಗಿ ನಾಲ್ಕು ಡಿಗ್ರಿ ಎಂದು ಬರೆದಿಟ್ಟಿದ್ದೆ. ಶನಿವಾರ ಫ್ರಿಜ್ಜು ಕೆಟ್ಟಿತು. ಒಳಗೆ ಹತ್ತೊಂಬತ್ತು ಡಿಗ್ರಿ, ಗೋಡೆಯ ಮೇಲೆ ನನ್ನ ಮುದ್ದಾದ ಅಕ್ಷರದಲ್ಲಿ ನಾಲ್ಕು.

"ಎರಡು ತಿಂಗಳು ಫೇಲಾದೋರು ತರಬೇತಿಯಿಂದ ಹೊರಗೆ," ಎಂದರು ಮೇಡಂ. "ಸೋಮವಾರ ಬೆಳಗ್ಗೆ ಒಂಬತ್ತು ಗಂಟೆ. ಹತ್ತು ಚೀಲ, ಹತ್ತು ಸಹಿ. ಎಲ್ಲಿಂದಾದ್ರೂ ತಾ. ಮನೆಯೋರು, ಪಕ್ಕದ ಮನೆಯೋರು, ಯಾರಾದ್ರೂ ಆಗ್ಬಹುದು. ಕೇಳಿ ಬರ್ದಿರ್ಬೇಕು, ಅಷ್ಟೆ. ನನಗೆ ಗೊತ್ತಾಗುತ್ತೆ."

ಶನಿವಾರ ಬೆಳಗ್ಗೆ ನಾನು ಮೆಟ್ಟಿಲಿಳಿದು ಕೆಳಮನೆ ಅತ್ತೆಯ ಬಾಗಿಲು ತಟ್ಟಿದೆ. ಬೀದಿಗೆ ಏನಾದರೂ ತಿಳಿಯಬೇಕಿದ್ದರೆ ಅವರಿಗೆ ಹೇಳಿದರೆ ಸಾಕು. ಯಾರಿಗೂ ತಿಳಿಯಬಾರದು ಎಂದು ಹೇಳಿದರೆ ಇನ್ನೂ ಬೇಗ.

"ಅತ್ತೆ, ನಾಳೆ ಹತ್ತು ಗಂಟೆಗೆ ಮನೇಲಿರೋ ಔಷಧ ಎಲ್ಲಾ ಒಂದು ಚೀಲಕ್ಕೆ ಹಾಕ್ಕೊಂಡು ಮೇಲೆ ಬನ್ನಿ. ಇನ್ನೊಂದು ಒಂಬತ್ತು ಜನಕ್ಕೂ ಹೇಳಿ."

"ಯಾಕೆ ಡಾಕ್ಟ್ರೇ?"

"ನೋಡೋಕೆ."

"ನೋಡಿ?"

"ನೋಡಿ ವಾಪಸ್ ಕೊಡ್ತೀನಿ."

ಅತ್ತೆ ನನ್ನನ್ನು ಮರುಕದಿಂದ ನೋಡಿದರು. ಸುಮ್ಮನೆ ನೋಡಿ ವಾಪಸ್ ಕೊಡುವುದಕ್ಕೆ ಯಾವ ಆಸ್ಪತ್ರೆಯೂ ಭಾನುವಾರ ಕೆಲಸ ಮಾಡುವುದಿಲ್ಲ ಎಂಬುದು ಅವರ ಅನುಭವ. ಒಳಗಿನ ವಿಷಯ ಹೇಳಲಾರದೆ ಹುಡುಗ ಒದ್ದಾಡುತ್ತಿದ್ದಾನೆ ಎಂದು ತೀರ್ಮಾನಿಸಿ, ಆ ಒಳಗಿನ ವಿಷಯವನ್ನು ತಾವೇ ತಯಾರಿಸಿದರು.

ಮಧ್ಯಾಹ್ನ ದರ್ಜಿ ನನ್ನನ್ನು ನಿಲ್ಲಿಸಿ, "ಹಳೇ ಔಷಧ ಕೊಟ್ರೆ ಹೊಸದು ಕೊಡ್ತಾರಂತೆ?" ಎಂದು ಕೇಳಿದ. ಮೂರು ಗಂಟೆಗೆ ಡ್ರೈವಿಂಗ್ ಮೇಷ್ಟ್ರು ಸ್ಕೂಟರ್ ನಿಲ್ಲಿಸಿ, "ಹಳೇದು ಏನೇ ಇದ್ರೂ ಬದಲಾಯಿಸ್ತೀರಂತೆ. ನಮ್ಮತ್ತೇನೂ ಕರ್ಕೊಂಡು ಬರ್ಲಾ?" ಎಂದರು. ಸಂಜೆಯ ಹೊತ್ತಿಗೆ, ಚೀಲ ತಾರದವರಿಗೆ ಮುಂದೆ ಆಸ್ಪತ್ರೆಯ ಚೀಟಿಯೇ ಸಿಗುವುದಿಲ್ಲ ಎಂದಾಗಿತ್ತು.

ಇಲ್ಲ ಎನ್ನಬಹುದಿತ್ತು. ಆದರೆ ಇಲ್ಲವೆಂದರೆ ಯಾರೂ ಬರುವುದಿಲ್ಲ, ನನಗೆ ಹತ್ತು ಜನ ಬೇಕು. ಆದ್ದರಿಂದ ಮೂರು ಸಲವೂ ಸಣ್ಣಗೆ ನಕ್ಕೆ. ದೊಡ್ಡ ಡಾಕ್ಟರುಗಳು ಹಾಗೆಯೇ ನಗುತ್ತಾರೆ.

ಭಾನುವಾರ ಬಾಗಿಲು ತೆಗೆದರೆ ನಮ್ಮ ಮಹಡಿಯಿಂದ ಬೀದಿ ಮೂಲೆಯವರೆಗೆ ಸಾಲು. ಸಾಲನ್ನು ಎದುರು ಮನೆಯ ಟೋಕನ್ ಮಾವ ವಶಕ್ಕೆ ತೆಗೆದುಕೊಂಡಿದ್ದರು. ಮೂವತ್ತೆರಡು ವರ್ಷ ಒಂದು ಕಚೇರಿಯಲ್ಲಿ ಕಡತಗಳಿಗೆ ಸಂಖ್ಯೆ ಹಾಕಿ ನಿವೃತ್ತರಾದವರು. ಅಂದಿನಿಂದ ಸಂಖ್ಯೆ ಹಾಕಲು ಏನೂ ಸಿಗದೆ ಸೊರಗಿದ್ದರು. ಕ್ಯಾಲೆಂಡರಿನ ಹಾಳೆ ಕತ್ತರಿಸಿ ಟೋಕನ್ ಮಾಡಿ ಎಲ್ಲರಿಗೂ ಹಂಚಿದ್ದರು. ನಾನು ಮುಖ ತೊಳೆದು ಬರುವಷ್ಟರಲ್ಲಿ, ಗದ್ದಲ ಬೇಡವೆಂದು ಎಲ್ಲರ ಚೀಲವನ್ನೂ ಇಸಿದುಕೊಂಡು ನಮ್ಮ ಊಟದ ಮೇಜಿನ ಮೇಲೆ ರಾಶಿ ಹಾಕಿದ್ದರು.

ಎಲ್ಲವೂ ಒಂದೇ ಥರದ ಚೀಲ. ಮೂಲೆಯ ಔಷಧದಂಗಡಿಯವನು ಕೊಡುವ, ಹಸಿರು ಪಟ್ಟೆಯ ಬಿಳಿ ಚೀಲ.

"ಮಾವ, ಚೀಲಕ್ಕೆ ನಂಬರ್ ಎಲ್ಲಿ?"

"ಚೀಲಕ್ಕೆ ಯಾಕೆ ನಂಬರು?" ಎಂದರು ಮಾವ. "ಚೀಲ ಸಾಲಲ್ಲಿ ನಿಲ್ಲುತ್ತಾ?"

ನಾನು ಕುರ್ಚಿಯ ಮೇಲೆ ಕೂತೆ. ಅಮ್ಮ ಒಂದು ಲೋಟ ನೀರು ತಂದಿಟ್ಟು, ರಾಶಿಯ ಹತ್ತಿರ ಒಂದು ಕ್ಷಣ ನಿಂತು, ಮೇಜು ಒರೆಸಿದಂತೆ ಮಾಡಿ ಒಳಗೆ ಹೋದಳು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಕೂಗಾಟ. ಮೂಲೆಯ ಅಂಗಡಿ ಅಣ್ಣ ಸಾಲನ್ನು ಸೀಳಿಕೊಂಡು ಬಂದ. ಹಿಂದೆ ಪಕ್ಕದ ಬೀದಿಯಲ್ಲಿ ವಾಸವಿರುವ ಹೆಲ್ತ್ ಇನ್‌ಸ್ಪೆಕ್ಟರು, ಭಾನುವಾರದ ಬನಿಯನ್ನಿನ ಮೇಲೆ ಆತುರದಲ್ಲಿ ಶರಟು ಏರಿಸಿಕೊಂಡು, ಗುಂಡಿ ಒಂದು ಮೇಲೆ ಒಂದು ಕೆಳಗೆ.

"ನೋಡಿ ಸಾರ್, ನೋಡಿ!" ಎಂದ ಅಂಗಡಿ ಅಣ್ಣ. "ಹತ್ತು ವರ್ಷದಿಂದ ಅಂಗಡಿ ಇಟ್ಕೊಂಡಿದೀನಿ. ಇವನು ಊಟದ ಮೇಜಿನ ಮೇಲೆ ಶುರು ಮಾಡವ್ನೆ!"

ಇನ್‌ಸ್ಪೆಕ್ಟರು ರಾಶಿ ನೋಡಿದರು. "ಪರವಾನಗಿ ಎಲ್ಲಿ?"

"ಯಾವುದರದ್ದು ಸಾರ್?"

"ಔಷಧ ಹಂಚೋದಕ್ಕೆ."

"ಹಂಚ್ತಿಲ್ಲ ಸಾರ್. ನೋಡ್ತಿದೀನಿ."

"ಹಾಗಾದ್ರೆ ನೋಡೋದಕ್ಕೆ. ನೀವು ಡಾಕ್ಟ್ರು ತಾನೆ? ನೋಂದಣಿ ಸಂಖ್ಯೆ ಹೇಳಿ."

ಟೋಕನ್ ಮಾವ ಹೆಮ್ಮೆಯಿಂದ ನನ್ನತ್ತ ತಿರುಗಿದರು. ಸಂಖ್ಯೆಯಿಲ್ಲದ ಮನುಷ್ಯ ಇರಬಹುದು ಎಂಬ ಕಲ್ಪನೆಯೇ ಅವರಿಗಿರಲಿಲ್ಲ. ನಾನು ಕೋಟು ತೆಗೆದು ಕುರ್ಚಿಗೆ ಹಾಕಿದೆ.

"ನಾನು ಡಾಕ್ಟರ್ ಅಲ್ಲ. ಫಾರ್ಮಸಿ ರೆಸಿಡೆಂಟ್. ಕಲೀತಿದೀನಿ."

ಈ ಮಾತು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯುತ್ತಾ ಹೋಗಿದ್ದು ನನಗೆ ಕೇಳಿಸಿತು. "ಡಾಕ್ಟ್ರಲ್ವಂತೆ." "ಏನಂತೆ?" "ಡಾಕ್ಟ್ರಲ್ವಂತೆ, ಇನ್ನೂ ಓದ್ತಾ ಇದಾನಂತೆ." "ಫೇಲಾಗಿದಾನಂತೆ." ಕೊನೆಯ ಮಾತು ಕೆಳಗೆ ತಲುಪುವಷ್ಟರಲ್ಲಿ ಹುಟ್ಟಿಕೊಂಡದ್ದು, ಆದರೆ ನಿಜವಾಗಿತ್ತು.

"ಹಾಗಾದ್ರೆ ನಾನು ತೋರಿಸಿದ ನಾಲಿಗೆ?" ಎಂದು ದರ್ಜಿ ಮೆಟ್ಟಿಲಿಂದಲೇ ಕಿರುಚಿದ. "ಹೂಂ ಅಂದ್ಯಲ್ಲೋ! ಆ ಹೂಂ ನಂಬ್ಕೊಂಡು ಎರಡು ತಿಂಗಳು ನೆಮ್ಮದಿಯಾಗಿದ್ನಲ್ಲೋ!"

"ಚೀಲ ಕೊಡಿ, ಹೋಗ್ತೀವಿ," ಎಂದರು ಕೆಳಮನೆ ಅತ್ತೆ. ಎಲ್ಲರೂ ಮೇಜಿಗೆ ಕೈ ಹಾಕಿದರು. ಡ್ರೈವಿಂಗ್ ಮೇಷ್ಟ್ರು ಒಂದು ಚೀಲ ಎತ್ತಿಕೊಂಡರು, ಅತ್ತೆ ಅದೇ ಚೀಲ ತಮ್ಮದೆಂದರು, ದರ್ಜಿ ಎರಡು ಎತ್ತಿಕೊಂಡ.

"ನಿಲ್ಲಿ!" ಎಂದು ಇನ್‌ಸ್ಪೆಕ್ಟರು ಗುಡುಗಿದರು. "ಒಬ್ಬರ ಔಷಧ ಇನ್ನೊಬ್ಬರು ತಿಂದು ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ. ಒಳಗೇನಿದೆ ಅಂತ ಸರಿಯಾಗಿ ಹೇಳ್ದೋರಿಗೇ ಚೀಲ. ಏನಪ್ಪಾ, ಕಲಿಯೋನೇ, ನೀನು ಕೇಳು."

ಹೀಗೆ ಮೂರು ವಾರ ಮಾಡಲಾಗದ್ದನ್ನು ನಾನು ಸರ್ಕಾರಿ ಆಜ್ಞೆಯ ಮೇರೆಗೆ ಮಾಡಬೇಕಾಯಿತು. ಡಬ್ಬ ಓದಿದರೆ ಪ್ರಯೋಜನವಿರಲಿಲ್ಲ. ಎಲ್ಲರ ಡಬ್ಬವೂ ಹೆಚ್ಚುಕಡಿಮೆ ಒಂದೇ. ಒಂದು ಚೀಲ ಬಿಚ್ಚಿ ಕೂಗಿದೆ.

"ಸಣ್ಣ ಹಳದಿ ಮಾತ್ರೆ. ಗ್ಯಾಸ್ಟ್ರಿಕ್‌ದು. ಯಾರದು?"

ಹದಿನೇಳು ಕೈ ಮೇಲೆದ್ದವು.

"ಹೇಗೆ ತಗೋತೀರಿ?"

"ಊಟ ಆದ್ಮೇಲೆ," ಎಂದರು ಹದಿಮೂರು ಜನ.

"ಅದು ಊಟಕ್ಕೆ ಅರ್ಧ ಗಂಟೆ ಮುಂಚೆ ತಗೋಬೇಕು."

"ಏನು?" ಎಂದರು ಇನ್‌ಸ್ಪೆಕ್ಟರು. ಜೇಬಿನಿಂದ ಅದೇ ಹಳದಿ ಮಾತ್ರೆಯ ಪಟ್ಟಿ ಹೊರತೆಗೆದರು. "ಆರು ವರ್ಷದಿಂದ ಊಟ ಆದ್ಮೇಲೇ ತಗೋತಿದೀನಲ್ಲಪ್ಪ. ಅದಕ್ಕೇನಾ ನನ್ನ ಹೊಟ್ಟೆ..." ಮುಂದಿನದು ಹುದ್ದೆಗೆ ತಕ್ಕ ಮಾತಲ್ಲವಾದ್ದರಿಂದ ಅಲ್ಲಿಗೇ ನಿಲ್ಲಿಸಿ, ಕುರ್ಚಿ ಎಳೆದುಕೊಂಡು ನನ್ನ ಮುಂದೆ ಕೂತರು. ಮೊದಲ ಫಾರಂ ಅವರದೇ ಆಯಿತು. ಸಹಿಯ ಕೆಳಗೆ ಅಭ್ಯಾಸಬಲದಿಂದ ತಾರೀಖು, ಹುದ್ದೆ, "ಪರಿಶೀಲಿಸಲಾಗಿದೆ" ಎಂದೂ ಬರೆದರು.

ಕೆಳಮನೆ ಅತ್ತೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಅರ್ಧ ಮಾಡಿ, ಇನ್ನರ್ಧ ಗಂಡನಿಗೆ ಕೊಡುತ್ತಿದ್ದರು.

"ಅವರಿಗೂ ಸಕ್ಕರೆ ಕಾಯಿಲೆ ಇದೆಯಾ ಅತ್ತೆ?"

"ಇಲ್ಲ. ಮುಂಚೇನೇ ಕೊಟ್ಟಿದ್ರೆ ಬರೋದಿಲ್ಲ ಅಂತ. ಏನು ಕೊಟ್ರೂ ತಿಂತಾರೆ ಪಾಪ, ಕೇಳೋದಿಲ್ಲ."

ಡ್ರೈವಿಂಗ್ ಮೇಷ್ಟ್ರು ರಕ್ತದೊತ್ತಡದ ಮಾತ್ರೆಯನ್ನು ಪಾಠ ಇರುವ ದಿನ ಮಾತ್ರ ತೆಗೆದುಕೊಳ್ಳುತ್ತಿದ್ದರು. ಹೊಸಬರು ಕಲಿಯುವ ದಿನ ಎರಡು. ದರ್ಜಿ ಕಣ್ಣಿನ ಹನಿಯನ್ನು ಸೂಜಿಗೆ ದಾರ ಪೋಣಿಸುವ ಮುಂಚೆ ಒಂದೇ ಕಣ್ಣಿಗೆ ಬಿಟ್ಟುಕೊಳ್ಳುತ್ತಿದ್ದ; ಇನ್ನೊಂದು ಕಣ್ಣು ಪೋಣಿಸುವಾಗ ಮುಚ್ಚಿರುತ್ತದೆ, ಅದಕ್ಕೆ ಯಾಕೆ ದಂಡ ಎಂದು ನನ್ನನ್ನೇ ಕೇಳಿದ. ಕೂದಲು ಬೆಳೆಸುವ ಎಣ್ಣೆಯ ಬಾಟಲಿ ಎತ್ತಿ ಹಿಡಿದಾಗ ಒಂದು ಕೈಯೂ ಮೇಲೇಳಲಿಲ್ಲ. ಕೊನೆಗೆ ಟೋಕನ್ ಮಾವ ತಮ್ಮ ಥಳಥಳ ಹೊಳೆಯುವ ತಲೆಯನ್ನು ಬಗ್ಗಿಸಿ, "ಕೆಲಸ ಮಾಡ್ತಿಲ್ಲ ಅಂತ ಬರ್ಕೊ" ಎಂದರು.

ಮೂಲವ್ಯಾಧಿಯ ಮುಲಾಮು ಯಾರದೂ ಅಲ್ಲ. ಮೂರು ಸಲ ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್‌ಸ್ಪೆಕ್ಟರು ಅನುಭವಸ್ಥರು. ಆ ಚೀಲವನ್ನು ಬಾಗಿಲಾಚೆ ಇಟ್ಟು, "ಎಲ್ಲರೂ ಗೋಡೆ ಕಡೆ ತಿರುಗಿ, ಇಪ್ಪತ್ತು ಎಣಿಸಿ" ಎಂದರು. ಎಣಿಸಿದೆವು. ತಿರುಗಿ ನೋಡಿದರೆ ಚೀಲ ಇರಲಿಲ್ಲ. ಎಲ್ಲರೂ ಮೊದಲು ನಿಂತಿದ್ದ ಜಾಗದಲ್ಲೇ ಇದ್ದರು. ಅಂಗಡಿ ಅಣ್ಣನ ಜೇಬು ಮಾತ್ರ ಸ್ವಲ್ಪ ಉಬ್ಬಿತ್ತು. ತನ್ನದೇ ಅಂಗಡಿಯಲ್ಲಿ ತೆಗೆದುಕೊಳ್ಳಲು ನಾಚಿಕೆಯಾಗಿ ಅವನು ಬೇರೆ ಬೀದಿಯಲ್ಲಿ ಕೊಂಡು, ತನ್ನ ಚೀಲದಲ್ಲಿ ಹಾಕಿ, ಅತ್ತೆಯ ಕೈಲಿ ಕಳಿಸಿ, ಅದಕ್ಕೊಂದು ಟೋಕನ್ನೂ ತೆಗೆಸಿದ್ದನೆಂದು ಆಮೇಲೆ ತಿಳಿಯಿತು. ಬದಲಿಗೆ ಹೊಸದು ಸಿಗುತ್ತದೆ ಎಂಬ ಆಸೆ ಅವನಿಗೂ ಇತ್ತು.

ನಲವತ್ತೊಂದು ಟೋಕನ್ ಮುಗಿಯುವಾಗ ಒಂದು ಗಂಟೆ. ಡಾಕ್ಟರಲ್ಲದವನ ಫಾರಮ್ಮಿಗೆ ಸಹಿ ಹಾಕಲು ಹೆಚ್ಚಿನವರು ಒಪ್ಪಲಿಲ್ಲ. ಒಪ್ಪಿದವರು ಒಂಬತ್ತು ಜನ. ದರ್ಜಿ ಒಂಬತ್ತನೆಯವನು; ಇನ್ನೊಮ್ಮೆ ನಾಲಿಗೆ ನೋಡಿ ಈ ಸಲ ನಿಜ ಹೇಳಬೇಕೆಂಬ ಷರತ್ತಿನ ಮೇಲೆ ಹಾಕಿದ. ನೋಡಿದೆ. "ಇದು ನನಗೆ ಗೊತ್ತಾಗಲ್ಲ, ಡಾಕ್ಟ್ರಿಗೆ ತೋರಿಸಿ" ಎಂದೆ. ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ ನನ್ನ ಭುಜ ತಟ್ಟಿದ.

ಮೇಜಿನ ಮೇಲೆ ಒಂದು ಚೀಲ ಉಳಿದಿತ್ತು.

"ಸಾಧ್ಯವೇ ಇಲ್ಲ," ಎಂದರು ಟೋಕನ್ ಮಾವ. "ನಲವತ್ತೊಂದು ಟೋಕನ್. ನಲವತ್ತೆರಡು ಚೀಲ. ನನ್ನ ಮೂವತ್ತೆರಡು ವರ್ಷದಲ್ಲಿ ಹೀಗಾಗಿಲ್ಲ." ಅವರು ಎರಡು ಸಲ ಎಣಿಸಿ, ಬೆವರು ಒರೆಸಿಕೊಂಡು, ಈ ಕಳಂಕ ಹೊತ್ತು ಮನೆಗೆ ಹೋಗುವುದಿಲ್ಲ ಎಂದು ಅಲ್ಲೇ ಕೂತರು. ಕುತೂಹಲಕ್ಕೆ ಉಳಿದವರೂ ಕೂತರು.

ನಾನು ಚೀಲ ಬಿಚ್ಚಿದೆ. ಎರಡೇ ಡಬ್ಬ. ಒಂದು ಬಿಳಿ, ಒಂದು ಗುಲಾಬಿ. ಎರಡಕ್ಕೂ ಬೇರೆ ಬೇರೆ ಹೆಸರು, ದೊಡ್ಡ ಅಕ್ಷರದಲ್ಲಿ. ಕೆಳಗೆ ಇರುವೆಯಂಥ ಅಕ್ಷರದಲ್ಲಿ ಒಳಗಿರುವ ಔಷಧ: ಎರಡರಲ್ಲೂ ಅದೇ, ರಕ್ತದೊತ್ತಡ ಇಳಿಸುವುದು. ನನಗೆ ಮೈ ಜುಮ್ಮೆಂದಿತು. ಐದು ವರ್ಷ ಓದಿದ್ದು ಇಂಥದೊಂದು ಚೀಲ ಸಿಗಲೆಂದೇ. ಹತ್ತನೇ ಫಾರಂ ಎಳೆದುಕೊಂಡು, ತಲೆ ತಗ್ಗಿಸಿ, ಬರೆಯುತ್ತಾ, ಜೋರಾಗಿ ಓದುತ್ತಾ ಹೋದೆ.

"ಎರಡೂ ಒಂದೇ ಔಷಧ! ಇಬ್ಬರು ಡಾಕ್ಟ್ರು ಬೇರೆ ಬೇರೆ ಬರ್ಕೊಟ್ಟಿದಾರೆ, ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಎರಡೂ ತಗೊಳ್ತಿದ್ರೆ ತಲೆ ಸುತ್ತುತ್ತೆ. ಮೆಟ್ಟಿಲು ಹತ್ತೋಕಾಗಲ್ಲ, ನಡುವೆ ಕೂರ್ಬೇಕಾಗುತ್ತೆ. ಪಾದ ಊದಿಕೊಳ್ಳುತ್ತೆ. ಚಪ್ಪಲಿ ಕಚ್..."

ಪೆನ್ನು ನಿಂತಿತು. ಅಂಗಡಿ ಅಣ್ಣ ಸೂರು ನೋಡುತ್ತಿದ್ದ.

ತಲೆ ಮೇಲೆತ್ತಿದೆ. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಟೀ ತಟ್ಟೆ ಹಿಡಿದು ನಿಂತಿದ್ದಳು. ಕಾಲಲ್ಲಿ ನನ್ನ ಚಪ್ಪಲಿ.

"ನನ್ನ ಮುಖ ಏನ್ ನೋಡ್ತೀಯ, ಚೀಲ ನೋಡು," ಎಂದಳು.

"ಇದು ನಿಂದಾ?"

"ನನಗೆಂಥ ಕಾಯಿಲೆ?"

"ನಾಲ್ಕು ತಿಂಗಳಿಂದ ಮೂರನೇ ಮೆಟ್ಟಿಲ ಮೇಲೆ ಕೂರ್ತಿದೀಯಲ್ಲ, ನಮ್ಮ ಬಾಗಿಲ ಎದುರಿಗೇ," ಎಂದರು ಕೆಳಮನೆ ಅತ್ತೆ.

"ಗಾಳಿ ಚೆನ್ನಾಗಿ ಬರುತ್ತೆ."

"ಅಲ್ಲಿ ಕಿಟಕಿನೇ ಇಲ್ವಲ್ಲೇ!"

"ಅಕ್ಕ, ಕ್ಷಮಿಸಿ," ಎಂದ ಅಂಗಡಿ ಅಣ್ಣ. "ಹೇಳಲ್ಲ ಅಂತ ಮಾತು ಕೊಟ್ಟಿದ್ದೆ, ಇನ್ನು ತಡ್ಕೊಳ್ಳೋಕಾಗಲ್ಲ. ಎರಡನ್ನೂ ನಾನೇ ಕೊಟ್ಟಿದ್ದು. ಒಂದು ನನಗೆ, ಇನ್ನೊಂದು ಊರಿಂದ ಬಂದ ನೆಂಟರಿಗೆ ಅಂದ್ರಿ. ನೆಂಟರು ನಾಲ್ಕು ತಿಂಗಳಾದ್ರೂ ವಾಪಸ್ ಹೋಗ್ಲಿಲ್ಲ, ಆಗ್ಲೇ ಕೇಳ್ಬೇಕಿತ್ತು ನಾನು."

ಅಮ್ಮ ತಟ್ಟೆಯನ್ನು ಮೇಜಿನ ಮೇಲಿಟ್ಟು ಅಲ್ಲೇ ಕುಸಿದು ಕೂತಳು. ನಾನು ಫಾರಂ ಪಕ್ಕಕ್ಕೆ ಸರಿಸಿದೆ. ಏನು ಕೇಳಬೇಕೆಂದು ಮೂರು ವಾರದಿಂದ ಬಾಯಿಪಾಠ ಮಾಡಿದ್ದೆ, ಒಂದೂ ನೆನಪಾಗಲಿಲ್ಲ.

"ಯಾವಾಗಿಂದಮ್ಮ?"

"ನೀನು ಸ್ಟೋರಲ್ಲಿದ್ದೆಯಲ್ಲ, ಆವಾಗ ತಲೆನೋವು ಬರ್ತಿತ್ತು. ಪೇಟೆ ಡಾಕ್ಟ್ರು ಬಿಳೀದು ಕೊಟ್ರು. ನೋವು ಪೂರ್ತಿ ಹೋಗ್ಲಿಲ್ಲ ಅಂತ ಆಮೇಲೆ ಫ್ರಿಜ್ಜಿನ ತಿಂಗಳು ನಿಮ್ಮಾಸ್ಪತ್ರೆಗೇ ಬಂದೆ."

"ನಮ್ಮಾಸ್ಪತ್ರೆಗಾ?"

"ನೀನು ಕಾರಿಡಾರಲ್ಲಿ ಹೋಗ್ತಿದ್ದೆ. ಕಂಬದ ಹಿಂದೆ ನಿಂತ್ಕೊಂಡೆ. ಬೇರೆ ಏನಾದ್ರೂ ಔಷಧ ತಗೋತೀರಾ ಅಂತ ಆ ಡಾಕ್ಟ್ರು ಕೇಳಿದ್ರು. ಇಲ್ಲ, ನನ್ನ ಮಗನೇ ಡಾಕ್ಟ್ರು ಅಂದೆ. ಗುಲಾಬೀದು ಕೊಟ್ರು."

"ನನಗ್ಯಾಕೆ ಹೇಳ್ಲಿಲ್ಲ?"

"ಮನೇಲಿ ಡಾಕ್ಟ್ರನ್ನಿಟ್ಕೊಂಡು ಅಮ್ಮ ಕಾಯಿಲೆ ಬಿದ್ಲು ಅಂದ್ರೆ ನಿನ್ನ ಹತ್ರ ಯಾರು ಬರ್ತಾರೋ? ನಿನ್ನ ಹೆಸರು ಕೆಡಲ್ವಾ?" ಎಂದಳು. "ಇವತ್ತು ಹೇಗಿದ್ರೂ ಎಲ್ಲರದ್ದೂ ನೋಡ್ತಿದೀಯ. ಹೆಸರಿಲ್ದೆ ನಂದೂ ಒಂದು ನೋಡಿಸ್ಕೊಂಡ್ರಾಯ್ತು ಅಂತ ರಾಶಿಗೆ ಸೇರಿಸ್ದೆ."

ನಾನು ಕೆಂಪು ಪೆನ್ನಿಗೆ ಫೋನು ಮಾಡಿದೆ. ಅಂಗಡಿ ಅಣ್ಣ ಓಡಿಹೋಗಿ ಒತ್ತಡ ನೋಡುವ ಯಂತ್ರ ತಂದ. ಸಂಖ್ಯೆ ಹೇಳಿದೆ. ಕಡಿಮೆಯಿತ್ತು. ಮೇಡಂ, "ಇವತ್ತು ಇನ್ನೊಂದು ಮಾತ್ರೆ ಬೇಡ. ಒಬ್ಬರೇ ಓಡಾಡೋದು ಬೇಡ. ತಲೆ ಸುತ್ತು ಜಾಸ್ತಿಯಾದ್ರೆ ಆಗ್ಲೇ ಕರ್ಕೊಂಡು ಬಾ, ಇಲ್ದಿದ್ರೆ ಬೆಳಗ್ಗೆ ಒಂಬತ್ತಕ್ಕೆ ಡಾಕ್ಟ್ರಿಗೆ ತೋರಿಸೋಣ. ಎರಡೂ ಡಬ್ಬ ತಾ" ಎಂದರು.

"ಸಹಿ ಹಾಕಮ್ಮ," ಎಂದು ಫಾರಂ ಮುಂದಿಟ್ಟೆ. "ಇದಿಲ್ದಿದ್ರೆ ನನ್ನನ್ನ ಮನೆಗೆ ಕಳಿಸ್ತಾರೆ."

"ಹಾಕಿದ್ರೆ ಬೀದಿಗೆಲ್ಲ ಗೊತ್ತಾಗುತ್ತಲ್ಲೋ."

"ಬೀದಿ ಇಲ್ಲೇ ಕೂತು ನಿನ್ನ ಟೀ ಕುಡೀತಿದೆ."

ಅಮ್ಮ ಸುತ್ತ ನೋಡಿದಳು. ಬೀದಿ ಲೋಟಗಳನ್ನು ಕೆಳಗಿಟ್ಟಿತು. ಅವಳು ಸಹಿ ಹಾಕಿದಳು. ಟೋಕನ್ ಮಾವ ನಿಟ್ಟುಸಿರು ಬಿಟ್ಟು, ಕ್ಯಾಲೆಂಡರಿನ ಇನ್ನೊಂದು ತುಂಡು ಕತ್ತರಿಸಿ, ನಲವತ್ತೆರಡು ಎಂದು ಬರೆದು ಅವಳ ಕೈಗೆ ಕೊಟ್ಟು ಎದ್ದರು.

ಸೋಮವಾರ ಅಮ್ಮನನ್ನು ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂರಿಸಿ, ಹತ್ತು ಫಾರಂ ಹಿಡಿದು ಒಳಗೆ ಹೋದೆ. ಕೆಂಪು ಪೆನ್ನು ಒಂದೊಂದನ್ನೇ ಓದಿದರು. ಅರ್ಧ ಮಾತ್ರೆ ತಿನ್ನುವ ಗಂಡನ ಹತ್ತಿರ ಎರಡು ಸಲ ಕೆಮ್ಮಿದರು. ಹತ್ತನೆಯದರ ಹತ್ತಿರ ನಿಂತರು.

"ತಲೆ ಸುತ್ತು, ನಾಲ್ಕು ತಿಂಗಳು. ಗಮನಿಸಿದವರು: ಕೆಳಮನೆಯವರು, ಅಂಗಡಿಯವರು." ತಲೆಯೆತ್ತಿದರು. "ನೀನು ಅದೇ ಮನೇಲಿರೋದು ತಾನೆ? ನಾಲ್ಕು ತಿಂಗಳು ನೀನೇನು ಮಾಡ್ತಿದ್ದೆ?"

"ಚಪ್ಪಲಿ ಹುಡುಕ್ತಿದ್ದೆ, ಮೇಡಂ."

ಅವರು ಅದನ್ನೂ ಕೆಂಪು ಪೆನ್ನಿನಲ್ಲಿ ಫಾರಮ್ಮಿನ ಅಂಚಿಗೆ ಬರೆದರು. ಆಮೇಲೆ ಕೆಳಗೆ ಸಹಿ ಹಾಕಿದರು.

ಹೊರಗೆ ಬಂದೆ. ಒಂದು ಡಬ್ಬ ನಿಲ್ಲಿಸಿದರೆ ಸಾಕೆಂದು ಡಾಕ್ಟರು ಹೇಳಿಯಾಗಿತ್ತು. ಅಮ್ಮ ಪಕ್ಕದವರೊಂದಿಗೆ ಮಾತಿಗೆ ಕೂತಿದ್ದಳು.

"ನನ್ನ ಮಗ ಡಾಕ್ಟ್ರಲ್ಲ," ಎನ್ನುತ್ತಿದ್ದಳು. ನನಗೆ ನಿಜಕ್ಕೂ ಹೆಮ್ಮೆಯಾಯಿತು. "ಡಾಕ್ಟ್ರುಗಳು ತಪ್ಪು ಮಾಡ್ತಾರಲ್ಲ, ಅವರನ್ನೆಲ್ಲ ನೋಡ್ಕೊಳ್ಳೋನು. ಅವನಿಗಿಂತ ಮೇಲೆ ಇಲ್ಲಿ ಯಾರೂ ಇಲ್ಲ. ಅಗೋ, ಬಂದ."

ಪಕ್ಕದವರು ತಿರುಗಿದರು. ಆರಡಿ ಎತ್ತರ, ಕಿವಿಯವರೆಗೆ ಮೀಸೆ, ಮಡಿಲಲ್ಲಿ ಮಗಳ ಚೀಲ.

"ಇವನಾ ನಿಮ್ಮ ಮಗ?" ಎಂದ ಜಟ್ಟಿ. "ಅಮ್ಮಾ, ನನಗೆ ಐದು ತಿಂಗಳು ಅಂದೋನು ಇವನೇ!"

ಅಮ್ಮ ನನ್ನನ್ನು ನೋಡಿದಳು. ಜಟ್ಟಿಯನ್ನು ಮೇಲಿಂದ ಕೆಳಗೆ ನೋಡಿದಳು, ಹೊಟ್ಟೆಯ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು.

"ಅವನು ಹೇಳಿದ್ಮೇಲೆ," ಎಂದಳು, "ಯಾವುದಕ್ಕೂ ಇನ್ನೊಂದ್ಸಲ ತೋರಿಸ್ಕೊಂಡ್ಬಿಡಿ."